ಸೋತವರ ಸಕ್ಕರೆ

ಕಳೆದ ಭಾನುವಾರ, ಬೆಳಿಗ್ಗೆ ಆರೂವರೆ. ಅಂಬ್ಲಿಗೊಳ ಕಾಲುವೆಯ ಕೊನೆಯ ತೂಬಿನ ಹತ್ತಿರ ಮೂವರಿದ್ದೆವು: ನಾನು, ಗೌರಮ್ಮ, ಮತ್ತು ತೂಬಿನ ಬಾಗಿಲು ಎತ್ತಲು ಬಂದಿದ್ದ ನೀರುಗಂಟಿ. ಬೇಸಿಗೆ ಬೆಳೆಗೆ ಬಿಟ್ಟ ನೀರು ಆಗಷ್ಟೇ ಅಲ್ಲಿಗೆ ತಲುಪಿತ್ತು. ತಿಂಗಳುಗಟ್ಟಲೆ ಒಣಗಿದ ಕಾಲುವೆಯೊಳಗೆ ಮೊದಲ ನೀರು ಹರಿದಾಗ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ ಅದು. ಒಣಹುಲ್ಲು, ಸತ್ತ ಏಡಿ, ಕಾದ ಸಿಮೆಂಟು, ಹಳೆಯ ಪಾಚಿ ಎಲ್ಲ ಸೇರಿದ್ದು. ಚೆನ್ನಾಗಿದೆ ಎಂದು ನಾನಂತೂ ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಆ ವಾಸನೆ ಹಿಡಿದು ಐಲೀನ್ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದರು. "ಸಿಸ್ಟರ್, ಇದು ನಮ್ಮಪ್ಪನ ಅಂಗಿಯ ವಾಸನೆ" ಎಂದಿದ್ದರು.

ಐಲೀನ್ ಆಸ್ಟ್ರೇಲಿಯಾ ದೇಶದ ಸಂಸತ್ತಿನಲ್ಲಿ ನಾಲ್ಕು ಅವಧಿ ಕುಳಿತವರು. ನಾನು ಶಿಕಾರಿಪುರದ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ನಮ್ಮ ಮನೆಯಲ್ಲಿ ಅವರು ಒಂದು ಬೇಸಿಗೆ ಇದ್ದರು.

ಅವರು ಬಂದಿದ್ದು ನೀರಾವರಿಯನ್ನು ಅಭ್ಯಾಸ ಮಾಡುವ ಒಂದು ತಂಡದ ಜೊತೆ. ಕೆರೆ, ಜಲಾಶಯದ ನೀರನ್ನು ನಮ್ಮ ರೈತರು ತಮ್ಮತಮ್ಮಲ್ಲಿ ಹೇಗೆ ಹಂಚಿಕೊಳ್ಳುತ್ತಾರೆ ಎಂದು ನೋಡುವ ಕೆಲಸ. ತಂಡದ ಉಳಿದವರು ಎರಡು ವಾರ ತಿರುಗಾಡಿ, ಫೋಟೋ ತೆಗೆದು, ಶಿವಮೊಗ್ಗದ ಹೋಟೆಲಿಗೆ ಹೊರಟರು. ಐಲೀನ್ ಮಾತ್ರ ಇಲ್ಲೇ ಇರುತ್ತೇನೆಂದರು. ಮೇಲಿನ ಕೋಣೆ ಖಾಲಿ ಇತ್ತು, ನನಗೆ ಇಂಗ್ಲಿಷ್ ಬರುತ್ತಿತ್ತು, ಗೊತ್ತಿದ್ದ ಡಾಕ್ಟರೊಬ್ಬರು ಕೇಳಿಕೊಂಡರು. ನಾನು ನಿಯಮ ಹೇಳಿದೆ: ಬೆಳಿಗ್ಗೆ ಐದಕ್ಕೆ ದೀಪ, ಏಳಕ್ಕೆ ತಿಂಡಿ, ರಾತ್ರಿ ಒಂಬತ್ತಕ್ಕೆ ಬಾಗಿಲು. ಬಂದವರು ಒಪ್ಪಿದರು.

ಮರುದಿನ ಬೆಳಿಗ್ಗೆ ಅವರ ಕೋಣೆಯ ಮುಂದೆ ಹಾದುಹೋಗುವಾಗ ಹಾಸಿಗೆ ಕಂಡಿತು. ಚಾದರದ ಮೂಲೆಗಳನ್ನು ಓರೆಯಾಗಿ ಮಡಿಸಿ, ಬಿಗಿಯಾಗಿ ಒಳಗೆ ಸೇರಿಸಿದ್ದರು. ಹಾಗೆ ಮಡಿಸುವುದು ವಾರ್ಡಿನಲ್ಲಿ ಕೆಲಸ ಮಾಡಿದವರು ಮಾತ್ರ.

"ನೀವು ನರ್ಸಾ?" ಎಂದೆ.

"ಸಂಸತ್ತಿಗೆ ಹೋಗುವ ಮುಂಚೆ ಹದಿನೈದು ವರ್ಷ" ಎಂದರು. ಅವತ್ತಿನಿಂದ ನಮ್ಮಿಬ್ಬರ ಮಧ್ಯೆ ಮೇಡಂ ಗೀಡಂ ನಿಂತಿತು. ಅವರು ನನಗೆ ಸಿಸ್ಟರ್, ನಾನು ಅವರಿಗೆ ಐಲೀನ್.

ಮನೆಯಲ್ಲಿ ಇನ್ನೊಬ್ಬರಿದ್ದರು, ನಮ್ಮಣ್ಣ ಇಮಾಮ್ ಸಾಬ್. ಗಾದಿ, ದಿಂಬು ಹೊಲಿಯುವುದು ನಮ್ಮ ಅಜ್ಜನ ಕಾಲದಿಂದ ಬಂದ ಕಸುಬು. ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಅಣ್ಣನಿಗೆ ಇಂಗ್ಲಿಷಿನ ಗಂಧಗಾಳಿಯೂ ಇಲ್ಲ. ಮನೆಯಲ್ಲಿ ನಮ್ಮ ಮಾತು ಉರ್ದು, ಆದರೆ ಐಲೀನ್‌ಗೆ ನಾಲ್ಕು ಮಾತು ಕನ್ನಡ ಬರಲಿ ಎಂದು ಆ ಬೇಸಿಗೆಯೆಲ್ಲ ನಾವು ಕನ್ನಡವನ್ನೇ ಆಡಿದೆವು.

ಐಲೀನ್‌ರ ಜೀವನ ನನಗೆ ತಿಳಿದಿದ್ದು ತುಂಡು ತುಂಡಾಗಿ, ಹೆಚ್ಚಾಗಿ ತರಕಾರಿ ಹೆಚ್ಚುವಾಗ. ಅವರ ತಂದೆ ದೊಡ್ಡ ನದಿಯೊಂದರ ಕಾಲುವೆಯಲ್ಲಿ ನೀರು ಬಿಡುವವರು. ನಮ್ಮ ನೀರುಗಂಟಿಯ ಕೆಲಸವೇ, ಆದರೆ ಅಲ್ಲಿ ಜೀಪು ಕೊಟ್ಟಿದ್ದರಂತೆ. ಐಲೀನ್ ಆ ಊರಿನ ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆದರು. ಒಂದು ವರ್ಷ ಸರ್ಕಾರ ಅಲ್ಲಿನ ಹೆರಿಗೆ ವಾರ್ಡನ್ನು ಮುಚ್ಚಲು ಹೊರಟಿತು. ಇವರು ಸಮವಸ್ತ್ರದಲ್ಲೇ ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ವಾರ್ಡು ಉಳಿಯಿತು. ಇವರು ಮಾತ್ರ ವಾರ್ಡಿಗೆ ವಾಪಸು ಹೋಗಲಿಲ್ಲ. ಮೊದಲು ಊರಿನ ಕೌನ್ಸಿಲ್, ಆಮೇಲೆ ಕ್ಯಾನ್‌ಬೆರಾದ ಸಂಸತ್ತು. ಒಂದಷ್ಟು ಕಾಲ ಸಹಾಯಕ ಸಚಿವೆಯೂ ಆಗಿದ್ದರು. ಅದನ್ನು ಅವರಾಗಿ ಎಂದೂ ಹೇಳಲಿಲ್ಲ, ನಾನೇ ಕೇಳಿ ತಿಳಿದಿದ್ದು.

ಸೋತಿದ್ದು ನೀರಿನಿಂದ. ಆ ನದಿ ಸಮುದ್ರ ಸೇರುವ ಮುಂಚೆಯೇ ಬತ್ತತೊಡಗಿತ್ತು. ಕೆಳಗಿನ ಊರುಗಳಿಗೂ ನದಿಗೂ ಸ್ವಲ್ಪ ನೀರು ಉಳಿಯಲಿ ಎಂದು, ಮೇಲಿನ ರೈತರ ಪಾಲಿನ ನೀರನ್ನು ಸರ್ಕಾರ ಕೊಂಡು ಹೊಳೆಗೆ ಬಿಡುವ ಕಾನೂನು ಬಂತು. ಮೇಲಿನ ರೈತರೆಂದರೆ ಐಲೀನ್‌ರ ಮತದಾರರೇ. ಇವರ ಪಕ್ಷ ಆ ಕಾನೂನಿಗೆ ವಿರೋಧ. ಅಲ್ಲಿ ಮತ ಎಣಿಸುವಾಗ ಸದಸ್ಯರು ತಮ್ಮ ಜಾಗದಿಂದ ಎದ್ದು, ಹೌದು ಎನ್ನುವವರು ಒಂದು ಬದಿಗೆ, ಅಲ್ಲ ಎನ್ನುವವರು ಇನ್ನೊಂದು ಬದಿಗೆ ಹೋಗಿ ಕೂರಬೇಕಂತೆ. ಐಲೀನ್ ಎದ್ದು, ತಮ್ಮ ಪಕ್ಷದವರನ್ನೆಲ್ಲ ಬಿಟ್ಟು, ಎದುರಿನವರ ಸಾಲಿನಲ್ಲಿ ಕೂತರು.

"ಎಷ್ಟು ದೂರ ನಡೆಯಬೇಕು?" ಎಂದೆ.

"ನಿಮ್ಮ ಅಡುಗೆಮನೆಯಿಂದ ಅಣ್ಣನ ಅಂಗಡಿಗೆ ಇರುವಷ್ಟು. ನನ್ನ ಬದುಕಿನಲ್ಲಿ ನಾನು ನಡೆದ ಅತಿ ಉದ್ದದ ದಾರಿ ಅದೇ" ಎಂದರು.

ಕಾನೂನು ಬಂತು. ಅವರ ಊರಿನಲ್ಲಿ ಕೆಲವರು ನೀರು ಮಾರಿ ಹೊಲ ಬಿಟ್ಟು ಹೋದರು. ಹಾಲಿನ ಕಾರ್ಖಾನೆ ಮುಚ್ಚಿತು, ಆಮೇಲೆ ಅದರ ಎದುರಿನ ಅಂಗಡಿಗಳು. ಮುಂದಿನ ಚುನಾವಣೆಯಲ್ಲಿ ಐಲೀನ್ ಸೋತರು. ಆ ರಾತ್ರಿಯೇ ಗೆದ್ದವನಿಗೆ ಫೋನ್ ಮಾಡಿ ಶುಭ ಕೋರಿದರು, ಭಾಷಣ ಮಾಡಿದರು, ವಾರದೊಳಗೆ ಆಫೀಸು ಖಾಲಿ ಮಾಡಿದರು. ಸೋತವರು ಹೊಸಬರ ಕಾಲಿಗೆ ಅಡ್ಡ ಬರದೆ ಬೇಗ ಮರೆಯಾಗುವುದು ಅಲ್ಲಿ ಮರ್ಯಾದೆ. ಐಲೀನ್ ಎಷ್ಟು ಚೆನ್ನಾಗಿ ಮರೆಯಾದರೆಂದರೆ, ಎರಡು ವರ್ಷವಾದರೂ ತಮ್ಮ ಊರಿನ ಪೇಟೆಬೀದಿಯಲ್ಲಿ ಕಾಲಿಟ್ಟಿರಲಿಲ್ಲ. ಬ್ರೆಡ್ಡು, ಹಾಲು ತರಲೂ ಪಕ್ಕದ ಊರಿಗೆ ಕಾರಿನಲ್ಲಿ ಹೋಗುತ್ತಿದ್ದರು.

ಈಗ ಪಕ್ಷ ಮತ್ತೆ ಕರೆಯುತ್ತಿತ್ತು. ಗೆದ್ದಿದ್ದ ಮನುಷ್ಯ ಇನ್ನೊಮ್ಮೆ ನಿಲ್ಲುವುದಿಲ್ಲವಂತೆ, ಜನರ ಸಿಟ್ಟೂ ಇಳಿದಿದೆಯಂತೆ, ಐಲೀನ್ ಒಪ್ಪಿದರೆ ಟಿಕೆಟ್ ಅವರದೇ. ಯುಗಾದಿಯ ಹೊತ್ತಿಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕಿತ್ತು. ಇಷ್ಟು ದೂರ ಬಂದು ನಮ್ಮ ಮೇಲಿನ ಕೋಣೆಯಲ್ಲಿ ಕೂತಿದ್ದೇ ಅದನ್ನು ತೀರ್ಮಾನಿಸುವುದಕ್ಕೆ. ನೀರಾವರಿ ನೆಪ ಎಂದು ಹೇಳುವುದಿಲ್ಲ, ಕಾಲುವೆಯ ಮೇಲೆ ಅವರು ನಡೆದಷ್ಟು ನಮ್ಮ ಇಂಜಿನಿಯರುಗಳು ನಡೆದಿರಲಾರರು. ಆದರೆ ಸಂಜೆ ಫೋನ್ ಬಂದಾಗಲೆಲ್ಲ ಅವರು ಹೆಸರು ನೋಡಿ, ಮಗುಚಿ ಇಡುತ್ತಿದ್ದರು.

ಸೊರಬದಲ್ಲಿ ಬೆಳೆಗಾರರ ಸಂಘದವರು ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಬ್ಯಾನರ್ ಕಂಡಿತು. ಐಲೀನ್‌ರ ನಗುವ ಫೋಟೋ, ಕೆಳಗೆ ದೊಡ್ಡದಾಗಿ: ಆಸ್ಟ್ರೇಲಿಯಾದ ಜನಪ್ರಿಯ ಸಂಸದರಿಗೆ ಹಾರ್ದಿಕ ಸ್ವಾಗತ. ನಾನು ಓದಿ ಹೇಳಿದೆ. ಅವರ ಮುಖ ಕೆಂಪಾಯಿತು.

"ದಯವಿಟ್ಟು ಸರಿ ಮಾಡಿಸಿ. ನಾನು ಸಂಸದೆ ಅಲ್ಲ. ಜನಪ್ರಿಯಳಂತೂ ಅಲ್ಲವೇ ಅಲ್ಲ."

ಸಂಘದ ಕಾರ್ಯದರ್ಶಿಗೆ ಹೇಳಿದೆ. ಆತ ನಕ್ಕುಬಿಟ್ಟ. "ಎಂತ ಸಿಸ್ಟರ್ ನೀವು! ಒಂದ್ಸಲ ಎಂಪಿ ಆದ್ರೆ ಆತು, ಸಾಯೋತನಕ ಎಂಪಿನೇ. ನಮ್ ಮಾಜಿ ಅಧ್ಯಕ್ಷರು ಸೋತು ಇಪ್ಪತ್ತು ವರ್ಷ ಆತು, ಇವತ್ತಿಗೂ ಅವರ ಹೆಂಡ್ತಿನೇ ಅಧ್ಯಕ್ಷರೇ ಊಟಕ್ಕೆ ಬನ್ನಿ ಅಂತಾರೆ."

ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣದಲ್ಲಿ ಐಲೀನ್ ಎದ್ದುನಿಂತು, ನಾನು ಸೋತವಳು ಎಂದು ಸ್ಪಷ್ಟವಾಗಿ ಹೇಳಿದರು. ನಾನೂ ಅಷ್ಟೇ ಸ್ಪಷ್ಟವಾಗಿ ಕನ್ನಡದಲ್ಲಿ ಹೇಳಿದೆ. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ವೇದಿಕೆ ಇಳಿಯುವಷ್ಟರಲ್ಲಿ ಅರ್ಜಿಗಳು ಬಂದವು. ಒಬ್ಬರಿಗೆ ರಸ್ತೆ, ಒಬ್ಬರಿಗೆ ಪಹಣಿಯಲ್ಲಿ ಹೆಸರು ತಪ್ಪು, ಒಬ್ಬರಿಗೆ ಮೊಮ್ಮಗನ ವರ್ಗಾವಣೆ. ಇವರು ಬೇರೆ ದೇಶದವರು ಕಣ್ರೀ ಎಂದೆ. "ಇರ್ಲಿ ಬಿಡಿ, ಒಂದು ಮಾತು ಹೇಳಿದ್ರೆ ಅವ್ರಿಗೇನು ನಷ್ಟ?" ಎಂದರು. ಐಲೀನ್ ಒಂದೊಂದನ್ನೂ ಎರಡು ಕೈಯಲ್ಲಿ ತೆಗೆದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ, "ಎರಡು ವರ್ಷದಿಂದ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ" ಎಂದರು. ಅರ್ಜಿಗಳನ್ನು ಮಾರನೆಯ ದಿನ ನಾನೇ ಆಯಾ ಕಚೇರಿಗೆ ಮುಟ್ಟಿಸಿ ಬಂದೆ.

ಅವರನ್ನು ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ಯಾರು ಕೈಕೊಟ್ಟರು? ಸೋತರೆ ಒಳಗಿನವರು ಯಾರೋ ಕೈಕೊಟ್ಟಿರಲೇಬೇಕು ಎಂಬುದು ನಮ್ಮಲ್ಲಿ ಇತ್ಯರ್ಥವಾದ ವಿಷಯ. ಎರಡನೆಯ ಪ್ರಶ್ನೆ: ಮತ್ತೆ ಯಾವಾಗ ನಿಲ್ತೀರಿ?

ಇವೆರಡನ್ನೂ ಕೇಳದೆ ಬೇರೆಯದನ್ನು ಕೇಳಿದವಳು ಗೌರಮ್ಮ. ಗೌರಮ್ಮನ ತವರು ಸೊರಬದ ಕಡೆ, ಕೊಟ್ಟಿದ್ದು ಕಾಲುವೆಯ ಕೊನೆಯ ಊರಿಗೆ. ಅವಳ ಎರಡೂ ಹೆರಿಗೆಗೆ ನಾನಿದ್ದೆ. ಆ ವರ್ಷ ಕಾಲುವೆಯ ನೀರು ಬಳಕೆದಾರರ ಸಂಘಕ್ಕೆ ಚುನಾವಣೆ ಬಂದಿತ್ತು, ಅವಳು ನಿರ್ದೇಶಕಿಯ ಸ್ಥಾನಕ್ಕೆ ನಿಂತಿದ್ದಳು. ನೀರು ಬಿಟ್ಟಾಗ ಮೇಲಿನ ಗದ್ದೆಗಳು ಕುಡಿದು ಮಿಕ್ಕಿದ್ದು ತಮ್ಮೂರಿಗೆ ಬರುತ್ತದೆ, ಒಂದೊಂದು ಸಲ ಬರುವುದೇ ಇಲ್ಲ, ಸಂಘದಲ್ಲಿ ಕೊನೆಯ ಊರಿನ ಒಂದು ಬಾಯಿ ಇರಲಿ ಎಂಬುದು ಅವಳ ವಾದ. ಅವಳ ಎದುರಾಳಿಯದೂ ಅದೇ ಊರು, ಆದರೆ ಮೇಲಿನವರ ಬೆಂಬಲದವನು.

ನಿಮ್ಮ ಕಡೆ ಓಟು ಹಾಕುವುದು ಹೇಗೆ ಎಂಬುದು ಅವಳು ಐಲೀನ್‌ಗೆ ಕೇಳಿದ ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ ಓಟು ಹಾಕುವುದು ಕಡ್ಡಾಯ, ಹಾಕದಿದ್ದರೆ ದಂಡ ಎಂದು ಕೇಳಿ ಗೌರಮ್ಮ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯೋ ಮಾರಾಯ್ತಿ! ಹಂಗಾದ್ರೆ ಸೋತೋರಿಗೆ, ನಮ್ಮೋರು ಬಿಸ್ಲು ಅಂತ ಮನೇಲೇ ಕೂತ್ಬಿಟ್ರು ಅಂತ ಹೇಳ್ಕಳಕೂ ಆಗಲ್ವಲ್ಲ!"

ನಾನು ಅನುವಾದಿಸಿದೆ. ಐಲೀನ್ ನಗುತ್ತಾ, ಇನ್ನೂ ಕಷ್ಟವಿದೆ ಎಂದು ವಿವರಿಸಿದರು. ಅಲ್ಲಿ ಒಬ್ಬರಿಗೆ ಮಾತ್ರ ಗುರುತು ಹಾಕಿದರೆ ಸಾಲದು, ಒಂದು, ಎರಡು, ಮೂರು ಎಂದು ಎಲ್ಲ ಅಭ್ಯರ್ಥಿಗಳಿಗೂ ಕ್ರಮಾಂಕ ಕೊಡಬೇಕು. ಮೊದಲ ಎಣಿಕೆಯಲ್ಲಿ ಐಲೀನ್ ಮುಂದಿದ್ದರು. ಕೊನೆಯಲ್ಲಿದ್ದವರನ್ನು ತೆಗೆದು, ಅವರ ಓಟುಗಳನ್ನು ಎರಡನೆಯ ಆಯ್ಕೆಯಂತೆ ಹಂಚಿದಾಗ ಹಿಂದೆ ಬಿದ್ದರು.

"ಅಂದ್ರೆ ಅಕ್ಕ ಒಪ್ದಿದ್ರೆ ತಂಗಿನಾದ್ರೂ ಕೊಡಿ ಅಂದಂಗಾತು" ಎಂದಳು ಗೌರಮ್ಮ. ಅಂಗಡಿಯಲ್ಲಿ ಹತ್ತಿ ತುಂಬುತ್ತಿದ್ದ ಅಣ್ಣನಿಗೆ ನಗು ಬಂದು ಕೆಮ್ಮು ಹತ್ತಿತು.

ರಂಜಾನ್ ಬಂತು. ನಾನು, ಅಣ್ಣ ಉಪವಾಸ ಹಿಡಿದೆವು. ಬಿಸಿಲು ಏರಿತು, ಕಾಲುವೆಯ ನೀರು ಇಳಿಯಿತು. ಗೌರಮ್ಮನ ಚುನಾವಣೆ ನಡೆದ ದಿನ ಸಂಜೆಯೇ ಎಣಿಕೆಯಾಯಿತು. ಅವಳು ಸೋತಳು. ತನ್ನ ಊರಿನಲ್ಲೇ ಅರ್ಧದಷ್ಟು ಜನ ಅವಳಿಗೆ ಹಾಕಿರಲಿಲ್ಲ.

ಐಲೀನ್‌ಗೆ ಹೇಳಿದಾಗ ಅವರು ತಟ್ಟೆ ಪಕ್ಕಕ್ಕಿಟ್ಟರು. "ಈಗ ಅವಳನ್ನು ಒಬ್ಬಳೇ ಬಿಡಬೇಕು ಸಿಸ್ಟರ್. ಎರಡು ವಾರ ಫೋನ್ ಮಾಡಬೇಡಿ. ನನಗೆ ಗೊತ್ತು."

ಮರುದಿನ ಬೆಳಿಗ್ಗೆ ಆರಕ್ಕೆ ಗೌರಮ್ಮನೇ ಕಾಲುವೆಯ ಏರಿಯಿಂದ ಫೋನ್ ಮಾಡಿದಳು. "ಸಿಸ್ಟರ್, ಮೊದ್ಲನೇ ಬಸ್ಸಿಗೆ ಬಂದ್ಬಿಡಿ. ಮನೆಮನೆಗೆ ಹೋಗೋದದೆ. ಐಲೀನಮ್ಮನ್ನೂ ಕರ್ಕಂಡ್ ಬನ್ನಿ. ಎಂಪಿ ಜೊತೀಗಿದ್ರೆ ಜನ ಬಾಗ್ಲಾದ್ರೂ ತೆಗೀತಾರೆ."

"ಯಾಕೆ ಮನೆಮನೆಗೆ? ಮರು ಎಣಿಕೆ ಕೇಳುತ್ತಾಳಾ?" ಎಂದರು ಐಲೀನ್.

ಅಲ್ಲ, ಸಕ್ಕರೆ ಹಂಚುವುದಕ್ಕೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅವತ್ತೇ ಮಧ್ಯಾಹ್ನ ಎರಡಕ್ಕೆ ಪಕ್ಷದ ಮುಖಂಡನಿಗೆ ಅವರು ಕೊನೆಯ ಮಾತು ಹೇಳಬೇಕಿತ್ತು. ಹಿಂದಿನ ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ಆದರೂ ಚಪ್ಪಲಿ ಮೆಟ್ಟಿ ಹೊರಟರು.

ಗೌರಮ್ಮ ಬಸ್ಸಿನ ಹತ್ತಿರ ಕಾಯುತ್ತಿದ್ದಳು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಕಣ್ಣು ಊದಿತ್ತು. ಅದನ್ನು ಮರೆಮಾಚಲು ಹೋಗಿರಲಿಲ್ಲ.

"ಗೆದ್ದೋರು ಪೇಡೆ ಹಂಚ್ತಾರೆ, ಸೋತೋರು ಸಕ್ಕರೆ. ಇದು ನಮ್ ಮಾವನ ಪದ್ಧತಿ. ಪಂಚಾಯ್ತಿಗೆ ಮೂರು ಸಲ ನಿಂತು ಮೂರು ಸಲ ಸೋತ್ರು. ಹೆಂಗೆ ಗೆಲ್ಬೇಕು ಅಂತ ನಮ್ ಮನೇಲಿ ಯಾರಿಗೂ ಗೊತ್ತಿಲ್ಲ. ಹೆಂಗೆ ಸೋಲ್ಬೇಕು ಅಂತ ಕೇಳಿ, ಹೇಳಿಕೊಡ್ತೀವಿ" ಎಂದಳು.

ಐಲೀನ್ ಕೇಳಿದರು: "ಇವತ್ತೇ ಯಾಕೆ? ಸ್ವಲ್ಪ ದಿನ ಬಿಟ್ಟು ಹೋಗಬಹುದಲ್ಲ?"

"ಇವತ್ತು ಹೋಗ್ದಿದ್ರೆ ಗೌರಮ್ಮಂಗೆ ಸಿಟ್ಟು ಬಂದದೆ ಅಂತಾರೆ. ನಾಳಿಗೆ ಬೀದೀಲಿ ಎದುರಾದ್ರೆ ಅವರೇ ಮುಖ ತಿರುಗಿಸ್ತಾರೆ, ನಾಚ್ಕೆಗೆ. ನಾಡಿದ್ದು ನಾನು ತಿರುಗಿಸ್ತೀನಿ. ಆಮೇಲೆ ಆತಲ್ಲ, ಒಂದೇ ಕಾಲುವೆ ನೀರು ಕುಡಿಯೋರು ಒಬ್ರಿಗೊಬ್ರು ಹೊರಗಾದಂಗೆ."

ಬೀದಿಯ ತುದಿಯಿಂದ ಶುರು ಮಾಡಿದೆವು. ಗೌರಮ್ಮ ಪ್ರತಿ ಬಾಗಿಲಲ್ಲೂ ಒಂದೇ ಮಾತು ಹೇಳುತ್ತಿದ್ದಳು: "ನಂಗೆ ಹಾಕಿದ್ರೂ ಸರಿ, ಹಾಕ್ದಿದ್ರೂ ಸರಿ. ಸಿಟ್ಟಿಲ್ಲ. ಬಾಯಿ ಸಿಹಿ ಮಾಡ್ಕಳಿ." ಒಂದು ಚಿಟಿಕೆ ಸಕ್ಕರೆ. ಕೆಲವರು ಅವಳ ಕೈ ಹಿಡಿದು ಅತ್ತರು. ಕೆಲವರು ಅಂಗೈ ಒಡ್ಡಿ, ನೆಲ ನೋಡುತ್ತಾ ನಿಂತರು. ಎಲ್ಲ ಮನೆಯಲ್ಲೂ ಚಹಾ. ನನಗೆ ಉಪವಾಸವೆಂದು ಅವರಿಗೆ ಗೊತ್ತು, ಹಾಗಾಗಿ ನನ್ನ ಪಾಲಿನ ಲೋಟವೂ ಐಲೀನ್‌ಗೆ ಹೋಯಿತು. ಅರ್ಧ ಬೀದಿಯಾಗುವಷ್ಟರಲ್ಲಿ ಅವರು ನನ್ನ ಕಿವಿಯಲ್ಲಿ, "ಸಿಸ್ಟರ್, ಇಲ್ಲಿ ಶೌಚಾಲಯ ಎಲ್ಲಿದೆ?" ಎಂದರು.

ಬಸಪ್ಪನೆಂಬ ಮುದುಕ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ನಮ್ಮನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ನಾ ನಿಂಗೆ ಹಾಕ್ಲಿಲ್ಲವ್ವಾ ಗೌರಿ. ಮುಂಚೇನೇ ಹೇಳಿಬಿಡ್ತೀನಿ. ಅವ್ನು ನನ್ ಹೊಲದ ಬಸಿಗಾಲುವೆ ಮೊದ್ಲು ತೆಗಿಸ್ತೀನಿ ಅಂದಾನೆ."

"ಗೊತ್ತು ಬಸಪ್ಪಜ್ಜ. ತೆಗಿಸ್ದಿದ್ರೆ ನನ್ನ ಕರಿ, ಹೋಗಿ ಕೇಳನ. ಈಗ ಚಾ ಕೊಡ್ತೀಯೋ ಇಲ್ಲ ಓಟಿನಂಗೇ ಅದೂ ಅವನಿಗೋ?"

ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಒಳಗೆ ಕೂಗಿ ಚಹಾಕ್ಕೆ ಹೇಳಿದ. ನಾನು ಪಿಸುದನಿಯಲ್ಲಿ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಐಲೀನ್ ಆ ಮುದುಕನನ್ನೇ ನೋಡುತ್ತಿದ್ದರು. "ಅವರು ಅವಳ ಮುಖಕ್ಕೇ ಹೇಳಿದರು" ಎಂದರು. ಲೋಟ ಕೈಗೆ ಬಂದ ಮೇಲೆ, "ಹೇಳಿಯೂ ಚಹಾ ಕೊಟ್ಟರು" ಎಂದರು.

ಬಾಗಿಲು ತೆರೆಯದ ಮನೆ ಒಂದೇ. ಅದು ಗೌರಮ್ಮನ ಗಂಡನ ದಾಯಾದಿಯ ಮನೆ. ಆ ಮನೆಯಾಕೆ ನಾಗವೇಣಿ, ಎದುರಾಳಿಯ ಪರವಾಗಿ ಊರೆಲ್ಲ ತಿರುಗಿ ಓಟು ಕೇಳಿದವಳು. ನಾವು ಅಂಗಳಕ್ಕೆ ಕಾಲಿಡುತ್ತಲೇ ಒಳಗಿನಿಂದ ಚಿಲಕ ಬಿತ್ತು.

"ನಾಗವೇಣೀ, ನಾನು."

"ಬರ್ಬೇಡ. ನಿನ್ ಸಕ್ಕರೆ ನೀನೇ ತಿನ್ನು!" ಧ್ವನಿ ಬಾಗಿಲಿನ ಹಿಂದಿನಿಂದಲೇ ಬಂತು.

"ಹೊರಗ್ ಕೂತಿರ್ತೀನಿ ಹಂಗಾದ್ರೆ."

"ಕೂತ್ಕೋ. ಸಾಯಂಕಾಲದ ತನಕ ಕೂತ್ಕೋ."

ಐಲೀನ್ ಹಿಂದಕ್ಕೆ ಹೆಜ್ಜೆಯಿಟ್ಟಿದ್ದರು. ಅವರ ಮುಖ ನೋಡಿದೆ. ವಾರ್ಡಿನಲ್ಲಿ ಇಂಥ ಮುಖ ಎಷ್ಟೋ ನೋಡಿದ್ದೇನೆ, ಗಾಯಕ್ಕೆ ಕಟ್ಟಿದ ಪಟ್ಟಿ ಬಿಚ್ಚುವ ಮುಂಚಿನ ಮುಖ ಅದು. "ಹೋಗೋಣ" ಎಂದರು. "ಅವಳಿಗೆ ಹಕ್ಕಿದೆ. ನಾವು ಹೋಗೋಣ."

ಗೌರಮ್ಮ ಆಗಲೇ ಜಗಲಿಯಲ್ಲಿ ಕೂತಾಗಿತ್ತು. ಅಲ್ಲಿ ಗೋಣಿಚೀಲ ಹಾಸಿ, ಹುಣಸೆಹಣ್ಣು ಹರವಿದ್ದರು. ಅರ್ಧ ಬೀಜ ಬಿಡಿಸಿತ್ತು, ಅರ್ಧ ಉಳಿದಿತ್ತು. ಗೌರಮ್ಮ ಸೆರಗು ಸಿಕ್ಕಿಸಿ ಬೀಜ ಬಿಡಿಸತೊಡಗಿದಳು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ, ನಾನೂ ಕೂತೆ. ಉಪವಾಸದ ಬಾಯಿಗೆ ಹುಣಸೆಯ ವಾಸನೆ ಎಂಥ ಶಿಕ್ಷೆ ಎಂದು ಉಪವಾಸ ಮಾಡಿದವರಿಗೇ ಗೊತ್ತು. ಐಲೀನ್ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತಿದ್ದರು. ಆಮೇಲೆ ಬಂದು ನನ್ನ ಪಕ್ಕ ಕೂತು, ಒಂದು ಹುಣಸೆಹಣ್ಣು ಕೈಗೆತ್ತಿಕೊಂಡರು.

ಕೋಳಿಯೊಂದು ಬಂದು ಬೀಜದ ರಾಶಿ ಕೆದಕಿತು, ಓಡಿಸಿದೆ. ಕಿಟಕಿಯ ಸಂದಿನಲ್ಲಿ ಬಳೆಯ ಸದ್ದಾಗುತ್ತಿತ್ತು. ಒಳಗಿನವಳು ನಮ್ಮನ್ನು ನೋಡುತ್ತಿದ್ದಾಳೆಂದು ತಿಳಿಯಿತು. ನಾನು ಮನಸ್ಸಿನಲ್ಲೇ ಬಸ್ಸಿನ ವೇಳೆ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು.

"ಏನ್ ಮಾಡ್ತಿದೀರಮ್ಮಾ ನೀವು?" ನಾಗವೇಣಿ ಬಂದಿದ್ದು ಗೌರಮ್ಮನ ಮೇಲಲ್ಲ, ಐಲೀನ್ ಮೇಲೆ. "ನಾರು ಹಂಗೇ ಬಿಟ್ಟೀರಿ, ಬೀಜ ಒಳಗೇ ಐತೆ! ವರ್ಷದ ಹುಣಸೆ ಹಾಳ್ ಮಾಡಿಬಿಟ್ರಲ್ಲ! ಇಂಥ ಕೆಲಸ ಯಾರ್ ಹೇಳಿಕೊಟ್ರು ಇವ್ರಿಗೆ?"

ಐಲೀನ್ ಹೆದರಿ, ಅಂಟಿದ ಎರಡೂ ಕೈಗಳನ್ನು ಮೇಲೆತ್ತಿದರು. ನಾಗವೇಣಿ ಅವರ ಎದುರು ಕುಕ್ಕರಗಾಲಲ್ಲಿ ಕೂತು, ಹಣ್ಣೊಂದನ್ನು ಎತ್ತಿ, ನಾರು ಹೇಗೆ ಎಳೆಯಬೇಕು, ಬೀಜ ಹೇಗೆ ಹಿಂಡಬೇಕು ಎಂದು ತೋರಿಸಿದಳು. ಐಲೀನ್ ಮಾಡಿದರು. "ಹಾಂ, ಹಂಗೆ" ಎಂದಳು. ಮತ್ತೊಂದು ಕೊಟ್ಟಳು. ಆಗ ಗೌರಮ್ಮ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದಳು.

ನಾಗವೇಣಿ ಅವಳ ಕಡೆ ನೋಡದೆಯೇ ಎರಡು ಬೆರಳಲ್ಲಿ ಸಕ್ಕರೆ ತೆಗೆದುಕೊಂಡಳು. "ನೀನು ಒಳಗ್ ಬಂದು ಬೈತೀಯ ಅನ್ಕಂಡಿದ್ದೆ" ಎಂದಳು.

"ಬಯ್ಯೋಣ ಅಂತಲೇ ಬಂದೆ. ನಿನ್ ಹುಣಸೆ ನೋಡಿ ಮರ್ತೆ" ಎಂದಳು ಗೌರಮ್ಮ.

ಆ ಊರಿನಲ್ಲಿ ಫೋನಿನ ಸಿಗ್ನಲ್ ಸಿಗುವುದು ಕಾಲುವೆಯ ಏರಿಯ ಮೇಲೆ ಮಾತ್ರ. ಎರಡಕ್ಕೆ ಮೂವರೂ ಅಲ್ಲಿದ್ದೆವು. ಐಲೀನ್ ಹುಣಸೆಯ ಕೈಯನ್ನು ಕಾಲುವೆಯಲ್ಲಿ ತೊಳೆದು ಫೋನ್ ಮಾಡಿದರು. ಮಾತು ಬಹಳ ಹೊತ್ತು ನಡೆಯಲಿಲ್ಲ. ಇಲ್ಲ ಎಂದರು. ಆ ಕಡೆಯವನು ಏನೋ ಹೇಳಿದ. ಥ್ಯಾಂಕ್ಸ್, ಆದರೆ ಇಲ್ಲ ಎಂದು ಇನ್ನೊಮ್ಮೆ ಹೇಳಿ ಮುಗಿಸಿದರು.

ಗೌರಮ್ಮನಿಗೆ ನಾನು ಅರ್ಥ ಹೇಳುತ್ತಲೇ ಅವಳು ಎದೆ ಹಿಡಿದುಕೊಂಡಳು. "ಟಿಕೆಟ್ ಬ್ಯಾಡ ಅಂದ್ರಾ? ಕರೆದು ಕೊಡೋ ಟಿಕೆಟ್ಟಾ? ಅಯ್ಯೋ ಸಿಸ್ಟರ್, ಇಲ್ಲಿ ಒಂದು ಟಿಕೆಟ್ಟಿಗೆ ಜನ ಬೆಂಗಳೂರಲ್ಲಿ ಲೀಡರ್ ಮನೆ ಗೇಟಿಗೆ ಜೋತು ಬಿದ್ದಿರ್ತಾರೆ! ಎಂತ ಹೆಂಗ್ಸಪ್ಪ ಇದು!"

ನನಗೂ ಸರಿ ಕಾಣಲಿಲ್ಲ. ಹಾಗೆಂದೇ ಹೇಳಿದೆ. ಇಷ್ಟು ಕೆಲಸ ಬಲ್ಲವರು ಮನೆಯಲ್ಲಿ ಕೂರುವುದು ದಂಡ ಎಂದೆ.

"ಮನೆಯಲ್ಲಿ ಕೂರುವುದಿಲ್ಲ" ಎಂದರು ಐಲೀನ್. "ನಾನೀಗ ಅಭ್ಯರ್ಥಿಯಾಗಿ ಹೋದರೆ ಅವರು ಬಾಗಿಲು ತೆರೆಯುತ್ತಾರೆ. ಅಭ್ಯರ್ಥಿಗೆ ಎಲ್ಲರೂ ತೆರೆಯುತ್ತಾರೆ. ನಾನು ಓಟಿಗೆ ಬಂದೆ ಎಂದುಕೊಳ್ಳುತ್ತಾರೆ, ಅದು ನಿಜವೂ ಆಗಿರುತ್ತದೆ. ಆಮೇಲೆ ನಾನು ಏನು ಹೇಳಿದರೂ ಓಟಿನ ಮಾತೇ. ಗೌರಮ್ಮ ಇವತ್ತು ಹೋದಳಲ್ಲ, ಏನೂ ಕೇಳುವುದಕ್ಕಿಲ್ಲದೆ, ಹಾಗೆ ಹೋಗಬೇಕು. ಆ ಕಾನೂನಿಗೆ ಹಾಕಿದ ಮತ ಸರಿ ಎಂದೇ ಈಗಲೂ ನಂಬಿದ್ದೇನೆ. ಆದರೆ ಅದರಿಂದ ಮುಚ್ಚಿದ ಅಂಗಡಿಯವರ ಎದುರು ನಿಂತು ಬೈಸಿಕೊಂಡಿಲ್ಲ. ಎರಡು ವರ್ಷ ತಡವಾಗಿದೆ."

ಗೌರಮ್ಮನಿಗೆ ಇದನ್ನು ಹೇಳಿದೆ. ಅವಳು, "ಬೈಸ್ಕಳಕೆ ವಾಯಿದೆ ಇಲ್ಲ ಅಂತ ಹೇಳಿ" ಎಂದಳು.

ಉಳಿದ ಮನೆಗಳನ್ನು ಮುಗಿಸಿ, ಇಫ್ತಾರಿಗೆ ಮುಂಚೆ ಶಿಕಾರಿಪುರ ಸೇರಿದೆವು. ಖರ್ಜೂರ, ನೀರು, ನಮಾಜ್ ಮುಗಿದ ಮೇಲೆ ಐಲೀನ್ ಊಟದ ಮೇಜಿಗೆ ಬಂದು ಕೂತರು. ತಮ್ಮ ಊರಿನ ಬಾಗಿಲುಗಳಲ್ಲಿ ಏನು ಹೇಳಬೇಕೆಂದು ಗಟ್ಟಿ ಮಾಡಿಕೊಳ್ಳಬೇಕಿತ್ತು. ಮೊದಲು ಹೇಳಿದ್ದರಲ್ಲಿ ನದಿ ಇತ್ತು, ಕಾನೂನು ಇತ್ತು, ಕೆಳಗಿನ ಊರಿನವರ ಕಷ್ಟವಿತ್ತು.

"ಸೂಜಿ ಚುಚ್ಚುವ ಮುಂಚೆ ನಾವು ಔಷಧಿಯ ಚರಿತ್ರೆ ಹೇಳುವುದಿಲ್ಲ" ಎಂದೆ.

ನದಿ ಹೋಯಿತು. ಕಾನೂನು ಹೋಯಿತು. ಇನ್ನೂ ಎರಡು ಸಲ ಕತ್ತರಿಸಿದೆವು. ಕೊನೆಗೆ ಉಳಿದಿದ್ದು ಇಷ್ಟು: ನಾನು ಐಲೀನ್. ನಾನು ಹಾಕಿದ ಮತದಿಂದ ನಿಮಗೆ ನಷ್ಟವಾಯಿತು. ಅದನ್ನು ನಿಮ್ಮ ಬಾಯಿಂದಲೇ ಕೇಳಲು ಬಂದಿದ್ದೇನೆ.

ಯಾರ ಮುಂದಾದರೂ ಹೇಳಿ ನೋಡಬೇಕೆಂದರು. ಅಂಗಡಿಯ ಬಾಗಿಲಿಗೆ ಹೋದೆವು. ಯಾರದೋ ಮದುವೆಯ ಗಾದಿ ಮಾರನೆಯ ಬೆಳಿಗ್ಗೆಗೆ ಕೊಡಬೇಕಿತ್ತು, ಅಣ್ಣ ಉದ್ದ ಸೂಜಿ ಹಿಡಿದು ಅಂಚು ಹೊಲಿಯುತ್ತಿದ್ದ. ಐಲೀನ್ ಹೊಸ್ತಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿದರು. ಅಣ್ಣ ಸೂಜಿ ನಿಲ್ಲಿಸಿ, ತಲೆಯೆತ್ತಿ ಗಮನವಿಟ್ಟು ಕೇಳಿದ. ಒಂದು ಶಬ್ದವೂ ಅವನಿಗೆ ತಿಳಿಯಲಿಲ್ಲ.

"ಮೇಡಂ, ನಿಧಾನ ಹೇಳ್ರಿ" ಎಂದ. "ಹೇಳಿ ಓಡಿಹೋಗೋರ ಹಂಗೆ ಹೇಳ್ತೀರಿ. ಹೇಳಿದ್ಮೇಲೆ ಅಲ್ಲೇ ನಿಂತ್ಕೊಳ್ರಿ."

ಅನುವಾದಿಸಿದೆ. ಐಲೀನ್ ಉಸಿರೆಳೆದುಕೊಂಡು, ಮತ್ತೆ ಮೊದಲಿನಿಂದ, ಒಂದೊಂದೇ ಮಾತು ಹೇಳಿದರು. ಹೇಳಿ ಮುಗಿಸಿ, ಕೈ ಕೆಳಗೆ ಬಿಟ್ಟು, ಅಲ್ಲೇ ನಿಂತರು.

"ಈಗ ಸರಿ" ಎಂದ ಅಣ್ಣ. ಉಳಿದಿದ್ದ ಮೂಲೆಗೆ ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ದಾರ ಕಚ್ಚಿ ತುಂಡು ಮಾಡಿದ.